ಹರಳು ತರಿಸುವುದೋ, ಬೆಳೆಸುವುದೋ

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಲಯದ ಹೆಸರು ಪತ್ರಿಕೆಯ ಮುಖಪುಟದಲ್ಲಿ ಕಂಡರೆ ಇಲ್ಲಿಯವರ ಎದೆ ಧಸಕ್ಕೆನ್ನುತ್ತದೆ. 2016ರ ಮೇ 26, 2024ರ ಮೇ 23: ಎರಡು ಸಲವೂ ರಾಸಾಯನಿಕ ಕಾರ್ಖಾನೆಯಲ್ಲಿ ಸ್ಫೋಟ, ಎರಡು ಸಲವೂ ಹತ್ತಕ್ಕಿಂತ ಹೆಚ್ಚು ಜೀವಗಳು ಹೋದವು. 2020ರ ಆರಂಭದಲ್ಲಿ ಇಲ್ಲಿನ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿ, ಆಗಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆ ಅವರೇ ನೋಡಲು ಬಂದಿದ್ದರು. ಇದನ್ನು ಮರೆತು ಈ ಊರಿನ ಉದ್ಯಮದ ಬಗ್ಗೆ ಯಾರೂ ಬರೆಯಬಾರದು. ಆದರೆ ಈ ವಲಯದಲ್ಲಿ ಬಣ್ಣ, ಔಷಧಿ, ಅವುಗಳ ಇಂಟರ್‌ಮೀಡಿಯೇಟುಗಳನ್ನು ರಿಯಾಕ್ಟರಿನಲ್ಲಿ ಬೇಯಿಸಿ, ಬಟ್ಟಿ ಇಳಿಸಿ, ಶುದ್ಧ ಮಾಡುವ ಕಸುಬು ತಲೆಮಾರುಗಳಿಂದ ಬೆಳೆದುಬಂದಿದೆ ಎನ್ನುವುದೂ ಅಷ್ಟೇ ಮುಖ್ಯ. ಬೆಂಜೀನ್ ಉಂಗುರದ ರಸಾಯನಶಾಸ್ತ್ರವನ್ನು ಇಲ್ಲಿ ಪಾಳಿಯ ಕೆಲಸಗಾರರೂ ಬಲ್ಲರು.

ಜಿನೀವಾ ಪಕ್ಕದ ಸೆರ್ನ್ ಪ್ರಯೋಗಾಲಯದಲ್ಲಿ ಕಣಗಳನ್ನು ಡಿಕ್ಕಿ ಹೊಡೆಸಿ ನೋಡುವ ಭೌತವಿಜ್ಞಾನಿಗಳಿಗೆ ಬೇಕಾದ ಕೆಲವು ವಸ್ತುಗಳು ಇದೇ ರಸಾಯನಶಾಸ್ತ್ರದಿಂದ ಬರುವಂಥವು. ಕಣ ಹಾಯ್ದಾಗ ಮಿನುಗುವ ವಸ್ತುಗಳಿಗೆ ಸಿಂಟಿಲೇಟರ್ ಎಂದು ಹೆಸರು. ಅವುಗಳನ್ನು ಒಟ್ಟುಮಾಡಿ ಕಣದ ಶಕ್ತಿ ಎಷ್ಟೆಂದು ಅಳೆಯುವ ಉಪಕರಣವೇ ಕ್ಯಾಲೊರಿಮೀಟರ್. ಮುಂದಿನ ಕ್ಯಾಲೊರಿಮೀಟರುಗಳಿಗೆ ಹೊಸ ಸಿಂಟಿಲೇಟರುಗಳ ಹುಡುಕಾಟ ಜೋರಾಗಿ ನಡೆದಿದೆ. ಭಾರತ 2017ರಿಂದ ಸೆರ್ನ್‌ನ ಸಹ ಸದಸ್ಯ ದೇಶ. ಹಾಗಾಗಿ ನಮ್ಮ ಮುಂದೆಯೂ ಎರಡು ಪ್ರಶ್ನೆಗಳಿವೆ. ನಂಬಿಕೆಯ ಹಳೆಯ ವಸ್ತುವಿಗೇ ಅಂಟಿಕೊಳ್ಳಬೇಕೋ, ಹೊಸದಕ್ಕೆ ದುಡ್ಡು ಸುರಿಯಬೇಕೋ? ಹೊಸದೇ ಆಗಲಿ ಎಂದರೆ, ಅದನ್ನು ಹೊರಗಿನಿಂದ ತರಿಸಬೇಕೋ, ಮುಂಬೈನ ಸಂಶೋಧನಾ ಸಂಸ್ಥೆಗಳಾದ ಟ್ರಾಂಬೆಯ ಬಿಎಆರ್‌ಸಿ, ಕೊಲಾಬಾದ ಟಿಐಎಫ್‌ಆರ್, ಠಾಣೆ ಜಿಲ್ಲೆಯ ಈ ಕಾರ್ಖಾನೆಗಳ ನಡುವೆಯೇ ತಯಾರಿಸಿಕೊಳ್ಳಬೇಕೋ?

ಕ್ಯಾಲೊರಿಮೀಟರಿನ ಕೆಲಸ ಹೀಗೆ. ಭಾರೀ ಶಕ್ತಿಯ ಒಂದು ಎಲೆಕ್ಟ್ರಾನೋ ಫೋಟಾನೋ ಸಾಂದ್ರವಾದ ವಸ್ತುವಿಗೆ ನುಗ್ಗಿದರೆ ಒಡೆದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ಕೊನೆಗೆ ಸಾವಿರಾರು ಕಣಗಳ ಮಳೆಯಾಗಿ ವಸ್ತುವಿನಲ್ಲೇ ಇಂಗುತ್ತದೆ. ಇಂಗಿದ ಶಕ್ತಿಗೆ ತಕ್ಕಷ್ಟು ಬೆಳಕು ಹೊಮ್ಮುತ್ತದೆ. ಆ ಬೆಳಕನ್ನು ಅಳೆದರೆ ಮೊದಲು ಬಂದ ಕಣದ ಶಕ್ತಿ ತಿಳಿಯುತ್ತದೆ. ಇಂಥ ವಸ್ತುವಿನಿಂದ ನಾವು ಕೇಳುವ ಗುಣಗಳು ಒಂದಕ್ಕೊಂದು ಹೊಂದುವುದಿಲ್ಲ. ಅದು ಸೀಸದಂತೆ ಭಾರವಿರಬೇಕು, ಗಾಜಿನಂತೆ ತಿಳಿಯಾಗಿರಬೇಕು, ಬೇಗ ಮಿನುಗಿ ಬೇಗ ಆರಬೇಕು, ವರ್ಷಗಟ್ಟಲೆ ವಿಕಿರಣ ಬಡಿದರೂ ಬಣ್ಣಗೆಡಬಾರದು, ಟನ್ ಲೆಕ್ಕದಲ್ಲಿ ಕೈಗೆಟುಕುವ ಬೆಲೆಗೆ ಸಿಗಬೇಕು. ಎಲ್ಲವೂ ಕೂಡಿದ ವಸ್ತು ಈವರೆಗೆ ಇಲ್ಲ. ಪ್ರತಿಯೊಂದು ಕ್ಯಾಲೊರಿಮೀಟರೂ ಯಾವುದನ್ನು ಬಿಟ್ಟುಕೊಡಬಹುದು ಎಂಬ ಒಂದು ತೀರ್ಮಾನ.

ಹಳೆಯ ವಸ್ತುಗಳ ಪರ ಮಾತಾಡುವವರ ಕೈಯಲ್ಲಿ ಗಟ್ಟಿ ಸಾಕ್ಷಿ ಇದೆ. ಸೆರ್ನ್‌ನ ಸಿಎಂಎಸ್ ಪ್ರಯೋಗದ ಕ್ಯಾಲೊರಿಮೀಟರಿನಲ್ಲಿ 75,848 ಲೆಡ್ ಟಂಗ್‌ಸ್ಟೇಟ್ ಹರಳುಗಳಿವೆ. ಸಾಂದ್ರತೆ ಘನ ಸೆಂಟಿಮೀಟರಿಗೆ 8.28 ಗ್ರಾಂ, ಕಬ್ಬಿಣಕ್ಕಿಂತಲೂ ಹೆಚ್ಚು. ಆದರೂ ಆಚೆಗಿನದು ಸ್ಪಷ್ಟವಾಗಿ ಕಾಣುವಷ್ಟು ತಿಳಿ. ಬೆಳಕಿನ ಬಹುಪಾಲು 25 ನ್ಯಾನೊಸೆಕೆಂಡಿನೊಳಗೆ ಹೊರಬಂದುಬಿಡುತ್ತದೆ. 2012ರ ಜುಲೈ 4ರಂದು ಹಿಗ್ಸ್ ಕಣ ಸಿಕ್ಕಿತೆಂದು ಘೋಷಿಸುವಾಗ, ಎರಡು ಫೋಟಾನುಗಳಾಗಿ ಒಡೆದ ಹಿಗ್ಸ್‌ನ ಗುರುತನ್ನು ಸಿಎಂಎಸ್‌ನಲ್ಲಿ ಹಿಡಿದುಕೊಟ್ಟದ್ದು ಈ ಹರಳುಗಳೇ. ಅವುಗಳ ದೌರ್ಬಲ್ಯವೂ ಗೊತ್ತಿರುವಂಥದ್ದೇ. ಬೆಳಕು ಬಹಳ ಕಡಿಮೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಅದೂ ಶೇಕಡ 2ರಷ್ಟು ಇಳಿಯುತ್ತದೆ. ವಿಕಿರಣ ಬಿದ್ದಂತೆ ಹರಳು ಮಬ್ಬಾಗುತ್ತದೆ. ಮಬ್ಬೆಷ್ಟು ಎಂದು ಲೇಸರ್ ಹಾಯಿಸಿ ಸದಾ ಅಳೆಯುತ್ತಾರೆ, ಲೆಕ್ಕದಲ್ಲಿ ತಿದ್ದಿಕೊಳ್ಳುತ್ತಾರೆ. ಗೊತ್ತಿರುವ ದೋಷವನ್ನು ಸಂಭಾಳಿಸಬಹುದು, ಗೊತ್ತಿಲ್ಲದ್ದು ಹತ್ತು ವರ್ಷದ ನಂತರ ಎದುರಾದರೆ ನೆಲದಡಿ ಕೂರಿಸಿದ ಉಪಕರಣವನ್ನು ಬಿಚ್ಚುವುದು ಹೇಗೆ ಎಂದು ಅವರು ಕೇಳುತ್ತಾರೆ. ಡಿಕ್ಕಿಗಳು ಇನ್ನೂ ಹೆಚ್ಚಾಗುವ ಮುಂದಿನ ಹೈ ಲ್ಯೂಮಿನಾಸಿಟಿ ಹಂತಕ್ಕೂ ಸಿಎಂಎಸ್‌ನ ನಡುಭಾಗದ 61,200 ಹರಳುಗಳು ಅಲ್ಲೇ ಉಳಿಯುತ್ತವೆ. ಉಷ್ಣತೆಯನ್ನು 18 ಡಿಗ್ರಿಯಿಂದ 9ಕ್ಕೆ ಇಳಿಸಿ, ಇಲೆಕ್ಟ್ರಾನಿಕ್ಸ್ ಬದಲಾಯಿಸುತ್ತಾರೆ, ಅಷ್ಟೇ.

ಹೊಸದರ ಪರ ಇರುವವರು ಇದೇ ಕಥೆಯ ಮೊದಲ ಅಧ್ಯಾಯವನ್ನು ನೆನಪಿಸುತ್ತಾರೆ, ಅದೂ ನ್ಯಾಯವೇ. 1994ರಲ್ಲಿ ಸಿಎಂಎಸ್ ತಂಡ ಲೆಡ್ ಟಂಗ್‌ಸ್ಟೇಟನ್ನು ಆರಿಸಿಕೊಂಡಾಗ ಅದೇ ಹೊಸ ವಸ್ತು. ಆಗಿನ ಹರಳುಗಳಲ್ಲಿ ಹಳದಿ ಛಾಯೆ ಇತ್ತು, ನಿಧಾನವಾಗಿ ಆರುವ ಬೆಳಕಿನ ಬಾಲ ಇತ್ತು. ಕಚ್ಚಾವಸ್ತುವನ್ನು ಶುದ್ಧ ಮಾಡುತ್ತ, ನಯೋಬಿಯಂ ಮತ್ತು ಇಟ್ರಿಯಂ ಚಿಟಿಕೆಯಷ್ಟು ಬೆರೆಸುತ್ತ ವರ್ಷಗಟ್ಟಲೆ ದುಡಿದ ಮೇಲೆ ಅದು ನಂಬುವಂತಾಯಿತು. ಆ ದಿನ ಎಲ್ಲರೂ ಪಳಗಿದ ವಸ್ತುವೇ ಸಾಕು ಎಂದಿದ್ದರೆ ಈ ಕ್ಯಾಲೊರಿಮೀಟರು ಹೀಗೆ ಇರುತ್ತಿರಲಿಲ್ಲ. ಹಳೆಯದಕ್ಕೂ ಒಂದು ಮಿತಿ ಇದೆ. ಸಿಎಂಎಸ್‌ನ ಎರಡೂ ತುದಿಗಳಲ್ಲಿ ವಿಕಿರಣ ಎಷ್ಟು ಹೆಚ್ಚೆಂದರೆ ಅಲ್ಲಿನ ಹರಳುಗಳನ್ನು ಉಳಿಸಿಕೊಳ್ಳುವಂತಿಲ್ಲ. ಅವುಗಳ ಜಾಗಕ್ಕೆ ಸಿಲಿಕಾನ್ ಪದರಗಳು ಬರುತ್ತವೆ. ವಿಕಿರಣ ಕಡಿಮೆ ಇರುವ ಹಿಂಭಾಗದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಪ್ಲಾಸ್ಟಿಕ್ ಸಿಂಟಿಲೇಟರ್ ಬಿಲ್ಲೆಗಳು ಕೂರುತ್ತವೆ.

ಹೊಸ ಹರಳುಗಳಲ್ಲಿ ನನಗೆ ಹೆಚ್ಚು ಭರವಸೆ ಹುಟ್ಟಿಸುವುದು ಗಾರ್ನೆಟ್ ಜಾತಿಯವು, ಅವುಗಳಲ್ಲೂ ಗ್ಯಾಡೊಲಿನಿಯಂ, ಗ್ಯಾಲಿಯಂ, ಅಲ್ಯುಮಿನಿಯಂ ಸೇರಿ ಸೀರಿಯಂ ಬೆರೆತ ಗ್ಯಾಗ್. ಇದರ ಬೆಳಕು ಲೆಡ್ ಟಂಗ್‌ಸ್ಟೇಟಿನದರ ನೂರಾರು ಪಟ್ಟು. ಸೆರ್ನ್‌ನದೇ ಎಲ್‌ಎಚ್‌ಸಿಬಿ ಪ್ರಯೋಗದಲ್ಲಿ, ಕ್ಯಾಲೊರಿಮೀಟರಿನ ಅತ್ಯಂತ ಒಳಭಾಗದಲ್ಲಿ ಹತ್ತು ಲಕ್ಷ ಗ್ರೇ ವರೆಗೆ ವಿಕಿರಣ ಬೀಳುವ ಕಡೆ, ಟಂಗ್‌ಸ್ಟನ್ ದಿಮ್ಮಿಯೊಳಗೆ ಈ ಹರಳಿನ ಎಳೆಗಳನ್ನು ಪೋಣಿಸುವ ಯೋಜನೆ ಇದೆ. ನಮ್ಮ ಪಕ್ಕದ ಟ್ರಾಂಬೆಯಲ್ಲಿ ಬಿಎಆರ್‌ಸಿಯವರು ಇದೇ ಜಾತಿಯ ಹರಳನ್ನು ಬೆಳೆಸಿ ತೋರಿಸಿದ್ದಾರೆ. ಸೀಸಿಯಂ ಅಯೊಡೈಡ್, ಸೋಡಿಯಂ ಅಯೊಡೈಡ್ ಅಲ್ಲಿ ಮೊದಲಿನಿಂದ ಬೆಳೆಸುತ್ತಾರೆ; ಲೆಡ್ ಟಂಗ್‌ಸ್ಟೇಟಿನ ಮೇಲೂ ಕೆಲಸ ಮಾಡಿದ್ದಾರೆ. ವಿದ್ಯೆ ಇದೆ. ಪ್ರಯೋಗಾಲಯದ ಒಂದು ಹರಳಿನಿಂದ ಕಾರ್ಖಾನೆಯ ಸಾವಿರ ಹರಳಿಗೆ ಹೋಗುವ ದಾರಿಯೇ ಕಷ್ಟದ್ದು.

ಆ ಕಷ್ಟವನ್ನು ಇಲ್ಲಿಯ ನೆಲದಲ್ಲಿಟ್ಟು ನೋಡಬೇಕು. ಲೆಡ್ ಟಂಗ್‌ಸ್ಟೇಟ್ 1,123 ಡಿಗ್ರಿಗೆ ಕರಗುತ್ತದೆ, ಪ್ಲಾಟಿನಂ ಮೂಸೆ ಸಾಕು. ಗ್ಯಾಗ್‌ಗೆ ಸುಮಾರು 1,850 ಡಿಗ್ರಿ, ಪಿಇಟಿ ಸ್ಕ್ಯಾನರುಗಳಲ್ಲಿ ಬಳಸುವ ಲ್ಯುಟೀಶಿಯಂ ಹರಳು ಎಲ್‌ವೈಎಸ್‌ಒಗೆ 2,000ಕ್ಕೂ ಹೆಚ್ಚು, ಮೂಸೆ ಇರಿಡಿಯಂನದಾಗಬೇಕು. ಕರಗಿದ ದ್ರವದಿಂದ ಹರಳನ್ನು ಗಂಟೆಗೆ ಮಿಲಿಮೀಟರಿನ ಲೆಕ್ಕದಲ್ಲಿ ಮೇಲಕ್ಕೆಳೆಯುತ್ತ ದಿನಗಟ್ಟಲೆ ಕಾಯಬೇಕು. ನಡುವೆ ವಿದ್ಯುತ್ ಕೈಕೊಟ್ಟರೆ ಹರಳು ಬಿರುಕು ಬಿಡುತ್ತದೆ, ಬೆಲೆಬಾಳುವ ಮೂಸೆಗೂ ಅಪಾಯ. 2020ರ ಅಕ್ಟೋಬರ್ 12ರಂದು ಕಳವಾ–ಪಡಘಾ ಭಾಗದ ಮಾರ್ಗ ಕೆಟ್ಟು ಮುಂಬೈ, ಠಾಣೆ, ನವಿ ಮುಂಬೈಗಳು ಗಂಟೆಗಟ್ಟಲೆ ಕತ್ತಲಾದದ್ದನ್ನು ಕಂಡವರಿಗೆ ಇದು ಬರೀ ಊಹೆಯ ಭಯ ಎನಿಸದು. ಮಳೆಗಾಲದ ತೇವ ಇನ್ನೊಂದು ಶತ್ರು: ಸೋಡಿಯಂ ಅಯೊಡೈಡ್ ಗಾಳಿಯ ನೀರನ್ನು ಹೀರಿ ಕೆಡುತ್ತದೆ. ಬ್ಯಾಕಪ್ ವಿದ್ಯುತ್, ಒಣ ಕೋಣೆ ಎಲ್ಲವೂ ಸಾಧ್ಯ, ಆದರೆ ಎಲ್ಲದಕ್ಕೂ ಬಂಡವಾಳ ಬೇಕು. ಬಂಡವಾಳ ಹಾಕುವವನಿಗೆ ನಾಳೆಯೂ ಆರ್ಡರ್ ಬರುತ್ತದೆ ಎನ್ನುವ ನಂಬಿಕೆ ಬೇಕು.

ನಂಬಿಕೆಯ ಮಾತು ಬಂದರೆ ರಷ್ಯಾದ ಬೊಗೊರೊಡಿಟ್ಸ್ಕ್ ಊರಿನ ಕಥೆ ಹೇಳಲೇಬೇಕು. ಸಿಎಂಎಸ್ ಹರಳುಗಳ ಬಹುಪಾಲು ಬೆಳೆದದ್ದು ಅಲ್ಲಿ, ಉಳಿದವು ಚೀನಾದ ಶಾಂಘಾಯಿಯಲ್ಲಿ. ಸುಮಾರು ಹತ್ತು ವರ್ಷ ಒಂದು ಊರಿನ ಕಾರ್ಖಾನೆ ಜಗತ್ತಿನ ಅತಿ ದೊಡ್ಡ ಹರಳು ಕ್ಯಾಲೊರಿಮೀಟರಿಗೆ ದುಡಿಯಿತು. ಆರ್ಡರ್ ಮುಗಿದು ಕೆಲವೇ ವರ್ಷಗಳಲ್ಲಿ ಅದು ದಿವಾಳಿಯಾಯಿತು. ಭಾರತವೂ ಪಾಲುದಾರನಾಗಿರುವ, ಜರ್ಮನಿಯ ಡಾರ್ಮ್‌ಸ್ಟಾಟ್‌ನ ಫೇರ್ ಯೋಜನೆಯ ಪಾಂಡಾ ಪ್ರಯೋಗಕ್ಕೆ ಸುಮಾರು 15,000 ಇಂಥವೇ ಹರಳುಗಳು ಬೇಕಿದ್ದವು, ಅರ್ಧದಲ್ಲೇ ಪೂರೈಕೆ ನಿಂತಿತು. ಚೆಕ್ ದೇಶದ ಟುರ್ನೊವ್‌ನ ಕ್ರೈಟುರ್ ಕಂಪನಿ ಆ ಕೆಲಸವನ್ನು ಹೊಸದಾಗಿ ಕಲಿತು ಮುಂದುವರಿಸಬೇಕಾಯಿತು. 2024ರ ನವೆಂಬರ್ ಕೊನೆಗೆ ಸೆರ್ನ್ ರಷ್ಯಾದೊಂದಿಗಿನ ಸಹಕಾರ ಒಪ್ಪಂದವನ್ನೇ ಮುಗಿಸಿತು. ಈ ಒಂದೇ ಕಥೆಯನ್ನು ಎರಡೂ ಪಕ್ಷದವರು ತಮ್ಮ ಕಡೆಗೆ ಎಳೆಯುತ್ತಾರೆ. ಹೊರಗಿನವರನ್ನು ನಂಬಿ ಕೂತರೆ ಹೀಗಾಗುತ್ತದೆ, ಇಲ್ಲೇ ತಯಾರಿಸಬೇಕು ಎನ್ನುತ್ತಾರೆ ಕೆಲವರು. ಭೌತಶಾಸ್ತ್ರದ ಆರ್ಡರನ್ನೇ ನಂಬಿ ಕಾರ್ಖಾನೆ ಕಟ್ಟಿದರೆ ಹೀಗಾಗುತ್ತದೆ, ಇಲ್ಲಿ ತಯಾರಿಸಬಾರದು ಎನ್ನುತ್ತಾರೆ ಮತ್ತೆ ಕೆಲವರು. ಇಬ್ಬರ ಮಾತೂ ಸುಳ್ಳಲ್ಲ. ಎಲ್‌ವೈಎಸ್‌ಒ ಉದ್ಯಮ ನಿಂತಿದ್ದರೆ ಅದಕ್ಕೆ ಆಸ್ಪತ್ರೆಗಳ ಪಿಇಟಿ ಸ್ಕ್ಯಾನರುಗಳು ಕಾರಣ; ಆ ಉದ್ಯಮ ಇದ್ದುದರಿಂದಲೇ ಸಿಎಂಎಸ್ ತನ್ನ ಹೊಸ ಸಮಯಮಾಪಕ ಪದರಕ್ಕೆ ಅದರ 1.66 ಲಕ್ಷದಷ್ಟು ಕಡ್ಡಿಗಳನ್ನು ಬಯಸಲು ಸಾಧ್ಯವಾಯಿತು. ವೈದ್ಯಕೀಯ ಗಿರಾಕಿ ಇಲ್ಲದೆ ಹರಳಿನ ಕಾರ್ಖಾನೆ ಬಾಳುವುದು ಕಷ್ಟ ಎಂದೇ ನನಗನಿಸುತ್ತದೆ.

ಪ್ಲಾಸ್ಟಿಕ್ ಸಿಂಟಿಲೇಟರಿನ ಲೆಕ್ಕ ಬೇರೆ, ಮತ್ತು ಡೊಂಬಿವಲಿಗೆ ನಿಜವಾಗಿ ಹತ್ತಿರದ್ದು ಇದೇ. ಪಾಲಿಸ್ಟೈರೀನ್ ಮೂಲದ್ರವ್ಯ, ಅದರಲ್ಲಿ ಶೇಕಡ 1ರಷ್ಟು ಪಿಪಿಒ, ಶೇಕಡ 0.03ರಷ್ಟು ಪಾಪಾಪ್ ಎಂಬ ಎರಡು ಬೆಳಗುವ ಸಂಯುಕ್ತಗಳು. ಕಣ ಹಾಯ್ದಾಗ ಪ್ಲಾಸ್ಟಿಕ್ ಪಡೆದ ಶಕ್ತಿಯನ್ನು ಪಿಪಿಒ ಹಿಡಿದು ಅತಿನೇರಳೆಯಾಗಿ ಬಿಡುತ್ತದೆ, ಪಾಪಾಪ್ ಆ ಅತಿನೇರಳೆಯನ್ನು ನುಂಗಿ ನೀಲಿಯಾಗಿ ಉಗುಳುತ್ತದೆ. ಬಿಳಿ ಬಟ್ಟೆಗೆ ಹಾಕುತ್ತಿದ್ದ ಟಿನೋಪಾಲ್ ಮಾಡುವುದೂ ಇದನ್ನೇ: ಕಾಣದ ಅತಿನೇರಳೆಯನ್ನು ಕಾಣುವ ನೀಲಿಯಾಗಿಸುವುದು. ಬಣ್ಣ ಮತ್ತು ಬ್ರೈಟ್ನರುಗಳ ತಯಾರಿಕೆ ಬಲ್ಲ ಕೈಗೆ ಪಾಪಾಪ್ ಅಪರಿಚಿತವಲ್ಲ. ಅದರ ತಯಾರಿಕೆಯಲ್ಲಿ ಬಳಸುವ ಆಸಿಡ್ ಕ್ಲೋರೈಡ್, ಫಾಸ್ಫರಸ್ ಆಕ್ಸಿಕ್ಲೋರೈಡ್‌ಗಳು ಇಂಥ ರಾಸಾಯನಿಕ ವಲಯಗಳಿಗೆ ಪರಿಚಿತ ಸರಕು. ಪಾಲಿಸ್ಟೈರೀನ್ ಕಾಳುಗಳನ್ನು ತಯಾರಿಸುವ ದೊಡ್ಡ ಕಾರ್ಖಾನೆ ರಾಯಗಡ ಜಿಲ್ಲೆಯ ನಾಗೋಠಣೆಯಲ್ಲೇ ಇದೆ. ಅಮೆರಿಕದ ಫರ್ಮಿಲ್ಯಾಬ್‌ನವರು ಮಾರುಕಟ್ಟೆಯ ಪಾಲಿಸ್ಟೈರೀನ್ ಕಾಳನ್ನೇ ಈ ಎರಡು ಸಂಯುಕ್ತಗಳೊಡನೆ ಕರಗಿಸಿ, ಪೈಪು ತಯಾರಿಸುವಂತೆ ಅಚ್ಚಿನಿಂದ ಪಟ್ಟಿಗಳಾಗಿ ಎಳೆಯುವ ವಿಧಾನವನ್ನು ಬಹಳ ಹಿಂದೆ ಪಳಗಿಸಿದರು. ಮಧುರೈಯಲ್ಲಿ ನಮ್ಮ ನ್ಯೂಟ್ರಿನೊ ತಂಡದ ಮಾದರಿ ಉಪಕರಣದ ಸುತ್ತ ಕೂರಿಸುವ ಪಟ್ಟಿಗಳೂ ಅಲ್ಲಿಂದಲೇ ಬಂದವು. ಸಿಎಂಎಸ್‌ನ ಹೊರ ಹೇಡ್ರಾನ್ ಕ್ಯಾಲೊರಿಮೀಟರನ್ನು ಟಿಐಎಫ್‌ಆರ್ ಮತ್ತು ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದವರು ಕಟ್ಟಿಕೊಟ್ಟರು. ಅದು ದೇಶ ಹೆಮ್ಮೆಪಡಬೇಕಾದ ಕೆಲಸ; ಆದರೆ ಅದರ 10 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಗಳು ಬೈಕ್ರಾನ್ ಎಂಬ ವಿದೇಶಿ ಕಂಪನಿಯವು.

ಇಷ್ಟು ಓದಿದವರಿಗೆ, ಹಾಗಾದರೆ ಇಲ್ಲೇ ಶುರುಮಾಡಲು ಅಡ್ಡಿ ಏನು ಎನಿಸಬಹುದು. ಅಡ್ಡಿಗಳು ಹಗುರವಾದವಲ್ಲ. ಒಂದು ಟನ್ ಸಿಂಟಿಲೇಟರಿಗೆ ಬೇಕಾಗುವ ಪಿಪಿಒ 10 ಕಿಲೊ, ಪಾಪಾಪ್ 300 ಗ್ರಾಂ. ದೊಡ್ಡ ರಿಯಾಕ್ಟರ್ ಇಟ್ಟುಕೊಂಡು ಬ್ಯಾಚಿನ ಲೆಕ್ಕದಲ್ಲಿ ಬದುಕುವ ಘಟಕ 300 ಗ್ರಾಂ ಸರಕಿಗಾಗಿ ಸಾಲು ನಿಲ್ಲಿಸಿ, ಪಾತ್ರೆ ತೊಳೆದು, ವಿಶ್ಲೇಷಣೆ ಮಾಡಿಸಿಕೊಡುವುದೇ? ಬಟ್ಟೆಯ ಬಣ್ಣಕ್ಕೆ ಶೇಕಡ 98 ಶುದ್ಧತೆ ಸಾಕಾಗಬಹುದು. ಇಲ್ಲಿ ಅದು ಸಾಲದು, ಅಳಿದುಳಿದ ಕಲ್ಮಶದ ಲವಲೇಶವೂ ಬೆಳಕನ್ನು ನುಂಗಿಹಾಕುತ್ತದೆ. ಕಾಲು ಮೀಟರ್ ದೂರ ಬೆಳಕು ಸಾಗಬೇಕಾದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಹಳದಿಯೂ ನಷ್ಟವೇ. ಪ್ಲಾಸ್ಟಿಕ್ ವಿಕಿರಣಕ್ಕೆ ಹರಳಿಗಿಂತ ಬೇಗ ಸೋಲುತ್ತದೆ ಎಂಬುದೂ ಇದೆ. ಸಿಎಂಎಸ್‌ನಲ್ಲಿ ಅದನ್ನು ಹಿಂಭಾಗಕ್ಕೆ ಸರಿಸಿರುವುದು ಅದಕ್ಕಾಗಿಯೇ.

ಇನ್ನು ಸುರಕ್ಷತೆ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದಲ್ಲಿ ಸೋರಿ ಹನ್ನೆರಡು ಜನರ ಪ್ರಾಣ ತೆಗೆದದ್ದು ಸ್ಟೈರೀನ್ ಆವಿ. ಟ್ಯಾಂಕಿನಲ್ಲಿ ಕೂತ ಸ್ಟೈರೀನ್ ತಾನಾಗಿ ಬಿಸಿಯೇರಿ ಪಾಲಿಮರ್ ಆಗತೊಡಗಿದರೆ ತಡೆಯುವುದು ಕಷ್ಟ. ಸ್ಟೈರೀನನ್ನು ಬಟ್ಟಿ ಇಳಿಸಿ ಅಚ್ಚಿನಲ್ಲಿ ಎರಕ ಹೊಯ್ಯುವ ವಿಧಾನವೇ ಅತ್ಯುತ್ತಮ ಸಿಂಟಿಲೇಟರ್ ಕೊಡುತ್ತದೆ ನಿಜ. ಆದರೆ ಮನೆಗಳು ಕಾರ್ಖಾನೆ ಗೋಡೆಗೆ ಅಂಟಿಕೊಂಡಿರುವ, ಶಾಲೆಗೆ ಮಕ್ಕಳು ಅದೇ ರಸ್ತೆಯಲ್ಲಿ ನಡೆದುಹೋಗುವ ಡೊಂಬಿವಲಿಯಲ್ಲಿ ಸ್ಟೈರೀನ್ ದಾಸ್ತಾನು ಇಡಿ ಎಂದು ನಾನಂತೂ ಹೇಳಲಾರೆ. ಎಂಥ ಮೂಲವಿಜ್ಞಾನವೂ ಅಷ್ಟು ಬೆಲೆ ಬಾಳುವುದಿಲ್ಲ. ಈಗಾಗಲೇ ಪಾಲಿಮರ್ ಆಗಿರುವ ಕಾಳನ್ನು ಕರಗಿಸುವ ವಿಧಾನದಲ್ಲಿ ಈ ಭಯ ಇಲ್ಲ. ಬೆಳಕು ಸ್ವಲ್ಪ ಕಡಿಮೆ, ಬೆಲೆಯೂ ಕಡಿಮೆ. ದೊಡ್ಡ ಗಾತ್ರದ ಕ್ಯಾಲೊರಿಮೀಟರುಗಳಿಗೆ ಬಹಳ ಕಡೆ ಅದೇ ಸಾಕು.

ಇಂಥದ್ದು ನಮ್ಮವರ ಕೈಲಾಗುತ್ತದೆಯೇ ಎಂಬ ಸಂದೇಹಕ್ಕೆ ಉತ್ತರ ನಮ್ಮ ಇತಿಹಾಸದಲ್ಲಿದೆ. 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ 2.3 ಕಿಲೊಮೀಟರ್ ಆಳದಲ್ಲಿ, ವಾತಾವರಣದ ನ್ಯೂಟ್ರಿನೊಗಳ ಗುರುತು ಮೊಟ್ಟಮೊದಲು ಸಿಕ್ಕ ಪ್ರಯೋಗಗಳಲ್ಲೊಂದು ನಡೆಯಿತು. ಟಿಐಎಫ್‌ಆರ್, ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯಗಳ ಆ ತಂಡ ಬಳಸಿದ್ದು ಪ್ಲಾಸ್ಟಿಕ್ ಸಿಂಟಿಲೇಟರುಗಳ ಗೋಡೆಗಳು ಮತ್ತು ನಿಯಾನ್ ಫ್ಲಾಶ್ ಟ್ಯೂಬುಗಳು. ಆ ತಂಡದ ಬಿ.ವಿ. ಶ್ರೀಕಂಠನ್ ನಂಜನಗೂಡಿನವರು, ಮುಂದೆ 1975ರಿಂದ 1987ರವರೆಗೆ ಟಿಐಎಫ್‌ಆರ್ ನಿರ್ದೇಶಕರಾಗಿದ್ದರು. ಊಟಿಯಲ್ಲಿ ಟಿಐಎಫ್‌ಆರ್‌ನ ಕಾಸ್ಮಿಕ್ ಕಿರಣ ಪ್ರಯೋಗಾಲಯ ಇನ್ನೂ ಮುಂದೆ ಹೋಯಿತು. ಗ್ರೇಪ್ಸ್-3 ಪ್ರಯೋಗದ ಸುಮಾರು 400 ಶೋಧಕಗಳಿಗೆ, ಒಂದೊಂದೂ ಒಂದು ಚದರ ಮೀಟರ್, ಸಿಂಟಿಲೇಟರನ್ನು ಅಲ್ಲಿಯೇ ತಯಾರಿಸಿಕೊಂಡರು. ತರಿಸುವುದಕ್ಕಿಂತ ಅಗ್ಗವಾಗಿ, ಕೆಲಸಕ್ಕೆ ಸಾಲುವಷ್ಟು ಉತ್ತಮವಾಗಿ. ಬೇರೆ ಸಂಸ್ಥೆಗಳಿಗೂ ಅಲ್ಲಿಂದ ಸಿಂಟಿಲೇಟರ್ ಹೋಯಿತು. ಬೆಟ್ಟದ ಮೇಲಿನ ಒಂದು ಪ್ರಯೋಗಾಲಯದ ಕಾರ್ಯಾಗಾರ ಮಾಡಿದ್ದನ್ನು ಕೊಂಕಣದ ಈ ಕೈಗಾರಿಕಾ ಪಟ್ಟಿ ಮಾಡಲಾರದೆನ್ನುವುದು ನನಗೆ ಒಪ್ಪಿಗೆಯಿಲ್ಲ.

ತೀರಾ ಹೊಸದಾದ ಪೆರೊವ್‌ಸ್ಕೈಟ್ ನ್ಯಾನೊಹರಳುಗಳ ಬಗ್ಗೆ ಉತ್ಸಾಹ ಬಹಳ ಇದೆ. ಪ್ಲಾಸ್ಟಿಕ್‌ನೊಳಗೆ ಬೆರೆಸಬಹುದು, ಮಿನುಗು ಅತಿ ವೇಗದ್ದು. ಆದರೆ ತಾವೇ ಹೊಮ್ಮಿಸಿದ ಬೆಳಕನ್ನು ತಾವೇ ನುಂಗುವ ಚಾಳಿ ಅವಕ್ಕಿದೆ, ತೇವಕ್ಕೆ ತಾಳುವುದಿಲ್ಲ, ಬಹುಪಾಲು ಸೀಸದವು. ಅವು ಸದ್ಯ ಸಂಶೋಧನಾ ಪ್ರಬಂಧಗಳಲ್ಲಿ ಪಳಗಲಿ.

ಎರಡೂ ಕಡೆಯ ಮಾತು ತೂಗಿದ ಮೇಲೆ ನನ್ನ ಅಭಿಪ್ರಾಯ ಇಷ್ಟು. ಅತಿ ವಿಕಿರಣದ ಜಾಗಗಳಿಗೆ ಗಾರ್ನೆಟ್‌ನಂಥ ಹೊಸ ಹರಳು ಅನಿವಾರ್ಯ, ಆದರೆ ಅದನ್ನು ಬೆಳೆಸುವ ಕೆಲಸ ಸದ್ಯಕ್ಕೆ ಟ್ರಾಂಬೆಯ ಪ್ರಯೋಗಾಲಯದಲ್ಲೇ ಇರಲಿ. ಆಸ್ಪತ್ರೆಗಳ ಗಿರಾಕಿ ಜೊತೆಗೂಡುವವರೆಗೆ ಖಾಸಗಿ ಕಾರ್ಖಾನೆಯನ್ನು ಅದಕ್ಕೆ ತಳ್ಳಬಾರದು. ಲೆಡ್ ಟಂಗ್‌ಸ್ಟೇಟ್ ಎಲ್ಲಿ ಸಾಕೋ ಅಲ್ಲಿ ಅದೇ ಸಾಕು. ಪ್ಲಾಸ್ಟಿಕ್ ಸಿಂಟಿಲೇಟರನ್ನು ಮಾತ್ರ ತರಿಸುತ್ತಲೇ ಇರಲು ನನಗೆ ಕಾರಣ ಕಾಣುವುದಿಲ್ಲ. ಬಂದರಿನ ಗೇಟುಗಳಲ್ಲಿ ಕಂಟೇನರುಗಳ ವಿಕಿರಣ ಪರೀಕ್ಷೆಗೂ, ಪರಮಾಣು ಸ್ಥಾವರಗಳಿಗೂ ಇದು ಬೇಕು. ಭೌತಶಾಸ್ತ್ರದ ಆರ್ಡರ್ ಇಲ್ಲದ ವರ್ಷವೂ ಗಿರಾಕಿ ಇರುತ್ತಾನೆ. ನಾಗೋಠಣೆಯ ಕಾಳು, ಇಲ್ಲಿಯ ಸಣ್ಣ ಘಟಕದಲ್ಲಿ ಕಿಲೊ ಲೆಕ್ಕದಲ್ಲಿ ತಯಾರಾಗುವ ಪಿಪಿಒ, ಟಿಐಎಫ್‌ಆರ್ ಮತ್ತು ಬಿಎಆರ್‌ಸಿಯ ಪರೀಕ್ಷೆ: ಈ ಮೂರನ್ನು ಜೋಡಿಸಲು ಬೇಕಾದದ್ದು ಐದು ವರ್ಷಕ್ಕೆ ಇಷ್ಟು ಟನ್ ಕೊಂಡೇ ಕೊಳ್ಳುತ್ತೇವೆ ಎಂಬ ಲಿಖಿತ ಭರವಸೆ. ಸಂಸ್ಥೆಗಳು ಆ ಭರವಸೆ ಕೊಡಲಿ, ಅದರ ಜೊತೆಗೇ ಸುರಕ್ಷತೆಯ ಷರತ್ತನ್ನೂ ಬರೆಯಲಿ. ಈ ಪಟ್ಟಿಯಲ್ಲಿ ದುಡಿಯುವ ನಮ್ಮ ಕನ್ನಡಿಗ ರಸಾಯನ ಎಂಜಿನಿಯರುಗಳಲ್ಲಿ ಯಾರಿಗಾದರೂ ಪಾಪಾಪ್‌ನ ಒಂದು ಶುದ್ಧ ಬ್ಯಾಚ್ ತೆಗೆಯುವ ಧೈರ್ಯ ಇದ್ದರೆ, ಮಾದರಿಯನ್ನು ಹಿಡಿದು ಮೊದಲು ಟ್ರಾಂಬೆಯ ಬಾಗಿಲು ತಟ್ಟಿ.